ಬೇಸ್ ಗಿಟಾರಿಗೆ ಯಾವ ವಾಲ್ವ್ ಆಂಪ್ಲಿಫೈಯರ್ ಕಟ್ಟಲಿ?

ವಾಲ್ವ್ ಆಂಪ್ಲಿಫೈಯರ್ (ಟ್ರಾನ್ಸಿಸ್ಟರಿನ ಬದಲು ಗಾಜಿನ ನಿರ್ವಾತ ನಳಿಕೆಗಳಿಂದ ಸದ್ದು ಹೆಚ್ಚಿಸುವ ಯಂತ್ರ) ಕಟ್ಟುವ ಗೀಳು ನನಗಿದೆಯೆಂದು ತಿಳಿದವರು, ಅದರಲ್ಲೂ ಬೇಸ್ ಗಿಟಾರ್ ನುಡಿಸುವ ಹುಡುಗರು, ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸರ್, ಮನೆಯಲ್ಲೇ ಬೇಸ್ ಆಂಪ್ ಕಟ್ಟಬೇಕು ಅಂತಿದ್ದೀನಿ. ಫೆಂಡರ್ ಬೇಸ್‌ಮನ್ ಸರ್ಕ್ಯೂಟ್ ತಗೊಳ್ಳಲಾ, ಆಂಪೆಗ್ ಬಿ-15ರದಾ, ಎಸ್‌ವಿಟಿಯದಾ?" ಬಿ-15ರ ದಾರಿ ಹಿಡಿಯಿರಿ ಎನ್ನುತ್ತೇನೆ, ಹಾಗೆಂದ ಮೇಲೆ, ವಾಲ್ವುಗಳ ಸಂಕೇತವನ್ನು ಸ್ಪೀಕರಿಗೆ ತಲುಪಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಲ್ಲಿಂದ ತರುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಈ ಮರುಪ್ರಶ್ನೆಗೆ ಬಹಳ ಮಂದಿ ಮುಖ ಸಪ್ಪಗೆ ಮಾಡಿಕೊಳ್ಳುವುದರಿಂದ ಕಾರಣವನ್ನು ಇಲ್ಲಿ ಒಮ್ಮೆ ಬರೆದಿಡುತ್ತಿದ್ದೇನೆ.

ಎಸ್‌ವಿಟಿಯನ್ನು ಮೊದಲೇ ಪಕ್ಕಕ್ಕಿಡೋಣ. 1969ರಲ್ಲಿ ದೊಡ್ಡ ವೇದಿಕೆಗಳಿಗೆಂದೇ ಬಂದ ಈ 300 ವ್ಯಾಟಿನ ಯಂತ್ರದಲ್ಲಿ ಸ್ಪೀಕರನ್ನು ನಡೆಸುವ ಪವರ್ ವಾಲ್ವುಗಳೇ ಆರಿವೆ, ಒಳಗೆ 700 ವೋಲ್ಟ್ ಆಸುಪಾಸಿನ ಡಿಸಿ ಹರಿಯುತ್ತದೆ, ಸ್ಪೀಕರ್ ಪೆಟ್ಟಿಗೆ ಬಿಟ್ಟು ಹೆಡ್ ಒಂದೇ ಸುಮಾರು 40 ಕೆಜಿ ತೂಗುತ್ತದೆ. 30 ವ್ಯಾಟಿನಿಂದ 300 ವ್ಯಾಟಿಗೆ ಹೋದರೆ ಸಿಗುವುದು 10 ಡೆಸಿಬೆಲ್, ಎಂದರೆ ಕಿವಿಯ ಲೆಕ್ಕದಲ್ಲಿ ಸುಮಾರು ಎರಡರಷ್ಟು ಸದ್ದು. ಪಕ್ಕದ ಮನೆಯವರ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ಅಭ್ಯಾಸ ಮಾಡುವವರಿಗೆ, ಅದೂ ಮೊದಲ ಬಾರಿ ಬೆಸುಗೆ ಕಡ್ಡಿ ಹಿಡಿಯುವವರಿಗೆ, ಇದು ಸಲ್ಲದ ಸಾಹಸ.

ಬೇಸ್‌ಮನ್ನಿನ ವಿಷಯ ಅಷ್ಟು ಸುಲಭದ್ದಲ್ಲ. 1951ರಲ್ಲಿ ಫೆಂಡರ್ ಪ್ರಿಸಿಷನ್ ಬೇಸ್ ಬಂದ ಮರುವರ್ಷವೇ ಅದಕ್ಕೆಂದು ಹುಟ್ಟಿದ ಆಂಪ್ ಇದು. ಆದರೆ ಎಲ್ಲರೂ ನಕಲು ಮಾಡುವ 5ಎಫ್6-ಎ ಮಾದರಿ 1950ರ ದಶಕದ ಕೊನೆಯದು; ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ ನಾಲ್ಕು 10 ಇಂಚಿನ ಸ್ಪೀಕರುಗಳಿದ್ದ ಅದನ್ನು ಗಿಟಾರ್ ನುಡಿಸುವವರೇ ತಮ್ಮದಾಗಿಸಿಕೊಂಡರು, 1962ರಲ್ಲಿ ಲಂಡನ್ನಿನ ಮಾರ್ಷಲ್ ಅಂಗಡಿಯವರು ತಮ್ಮ ಜೆಟಿಎಂ45 ಅನ್ನು ಅದರ ಮೇಲೆಯೇ ಕಟ್ಟಿದರು. ಕಿಟ್ಟುಗಳೂ ನಕ್ಷೆಗಳೂ ಹೇರಳವಾಗಿ ಸಿಗುವುದು ಈ ಗಿಟಾರಿಗರ ದೆಸೆಯಿಂದ. ಅದರ ಟೋನ್ ಭಾಗ ಮಧ್ಯದ ಸ್ವರಗಳನ್ನು ತಗ್ಗಿಸುತ್ತದೆ. ಗಿಟಾರಿಗೆ ಅದು ಹೊಳಪು, ಡ್ರಮ್ಮಿನ ಜೊತೆ ನುಡಿಸುವ ಬೇಸಿಗೆ ಅದು ನಷ್ಟ. ಬೇಸಿಗೆಂದು ಕಟ್ಟಿದ ಬೇಸ್‌ಮನ್ ತಿಂಗಳೊಳಗೆ ತಂಡದ ಗಿಟಾರಿಸ್ಟನ ಮನೆ ಸೇರಿದ್ದನ್ನು ನಾನೇ ನೋಡಿದ್ದೇನೆ.

ಆಂಪೆಗ್ ಕಂಪನಿಯ ಜೆಸ್ ಆಲಿವರ್ 1960ರಲ್ಲಿ ರೂಪಿಸಿದ ಬಿ-15ರಲ್ಲಿ 15 ಇಂಚಿನ ಒಂದೇ ಸ್ಪೀಕರ್, ಎರಡು 6ಎಲ್6 ಪವರ್ ವಾಲ್ವು, 25ರಿಂದ 30 ವ್ಯಾಟ್. ಡೆಟ್ರಾಯಿಟಿನ ಮೋಟೌನ್ ರೆಕಾರ್ಡ್ ಕಂಪನಿಯ ತಂಡದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಳಸುತ್ತಿದ್ದುದು ಇದನ್ನೇ. ಟೋನ್ ನಿಯಂತ್ರಣ ಮಂದ್ರವನ್ನೂ ತಾರವನ್ನೂ ಬೇರೆಬೇರೆಯಾಗಿ ಏರಿಳಿಸುವ ಬ್ಯಾಕ್ಸಂಡಾಲ್ ಬಗೆಯದಾದ್ದರಿಂದ ಗುಂಡಿಗಳನ್ನು ನಡುವಿಗೆ ತಂದರೆ ಮಧ್ಯದ ಸ್ವರಗಳು ಇದ್ದ ಹಾಗೆ ಉಳಿಯುತ್ತವೆ. ಚಿಕ್ಕ ವಾಲ್ವುಗಳು ಮೂರೇ. ತಪ್ಪು ಹುಡುಕುವಾಗ ಈ ಸರಳತೆಯ ಬೆಲೆ ಗೊತ್ತಾಗುತ್ತದೆ. ಮೂಲದ 6ಎಸ್‌ಎಲ್7ರ ಬದಲು, ಈಗಲೂ ಹೊಸದಾಗಿ ತಯಾರಾಗುವ 12ಎಎಕ್ಸ್7ಕ್ಕೆ ತಕ್ಕಂತೆ ಸಾಕೆಟ್ಟನ್ನೂ ರೆಸಿಸ್ಟರುಗಳನ್ನೂ ಬದಲಿಸಿಕೊಂಡು ನಾನು ಕಟ್ಟಿದ್ದೇನೆ. 12ಎಎಕ್ಸ್7ರ ಯುರೋಪಿನ ಹೆಸರು ಇಸಿಸಿ83. ಒಂದು ಕಾಲಕ್ಕೆ ನಮ್ಮ ಜಾಲಹಳ್ಳಿಯ ಬಿಇಎಲ್ ಕೂಡ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿತ್ತು. ಹಳೆಯ ಪೆಟ್ಟಿಗೆಗಳಲ್ಲಿ ಅವು ಕಣ್ಣಿಗೆ ಬಿದ್ದರೆ ಬಿಡಬೇಡಿ.

ಇನ್ನು ಟ್ರಾನ್ಸ್‌ಫಾರ್ಮರ್. ಗಿಟಾರಿನ ಅತಿ ಮಂದ್ರದ ತಂತಿ 82 ಹರ್ಟ್ಸ್, ನಾಲ್ಕು ತಂತಿಯ ಬೇಸಿನದು 41, ಐದು ತಂತಿಯದಾದರೆ 31. ವೋಲ್ಟೇಜು ಅಷ್ಟೇ ಇದ್ದು ಆವರ್ತನ ಅರ್ಧಕ್ಕಿಳಿದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಹೊರಬೇಕಾದ ಕಾಂತ ಪ್ರವಾಹ ಇಮ್ಮಡಿಯಾಗುತ್ತದೆ. ಇದನ್ನು ಓದಿ ಬಲ್ಲೆನಾದರೂ ಮೊದಲ ಸಲ ನಾನು ಕೊಂಡದ್ದು "30 ವ್ಯಾಟ್" ಎಂದು ಬರೆದಿದ್ದ ಗಿಟಾರ್ ಟ್ರಾನ್ಸ್‌ಫಾರ್ಮರನ್ನೇ. ಸ್ಪೀಕರಿನ ಜಾಗದಲ್ಲಿ 8 ಓಮಿನ ದೊಡ್ಡ ರೆಸಿಸ್ಟರ್ ಕಟ್ಟಿ ಅಳೆದಾಗ 1000 ಹರ್ಟ್ಸ್‌ನಲ್ಲಿ 28 ವ್ಯಾಟ್ ಸಲೀಸಾಗಿ ಬಂತು. 40 ಹರ್ಟ್ಸ್‌ಗೆ ಇಳಿಸಿದೆ. 7 ವ್ಯಾಟ್ ದಾಟುತ್ತಿದ್ದಂತೆ ಆಸಿಲೋಸ್ಕೋಪಿನ ಪರದೆಯ ಮೇಲೆ ದುಂಡಗಿದ್ದ ಅಲೆ ಒಂದು ಬದಿಗೆ ಕುಸಿದು ಸೊಟ್ಟಗಾಯಿತು. ವೋಲ್ಟೇಜು ಅರ್ಧವಾದರೆ ಪವರ್ ಕಾಲುಭಾಗವಾಗುತ್ತದೆಂಬ ಲೆಕ್ಕ ಹಾಕಿದರೆ, ಅದು 80 ಹರ್ಟ್ಸ್‌ವರೆಗೆ ಮಾತ್ರ ಪ್ರಾಮಾಣಿಕವಾಗಿ 28 ವ್ಯಾಟ್ ಕೊಡುವ ವಸ್ತು. ಗಿಟಾರಿಗೆ ಅಷ್ಟು ಸಾಕು, ತಯಾರಿಸಿದವರದೇನೂ ತಪ್ಪಿರಲಿಲ್ಲ.

ಎರಡನೆಯದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ವೈಂಡಿಂಗ್ ಮಾಡುವವರ ಬಳಿ ಸುತ್ತಿಸಿದೆ. ದಿನವಿಡೀ ಸ್ಟೆಬಿಲೈಸರ್ ಸುತ್ತುವ ಅವರು ನನ್ನ ಚೀಟಿ ನೋಡಿ "ಎಷ್ಟು ಆಂಪಿಯರ್ ಅಂತ ಹೇಳಿ ಸ್ವಾಮಿ, ಸಾಕು" ಎಂದರು. ಪ್ರೈಮರಿಯನ್ನು (ವಾಲ್ವಿನ ಕಡೆಯ ಸುರುಳಿ) ನಾಲ್ಕು ಭಾಗ ಮಾಡಿ ನಡುನಡುವೆ ಸೆಕೆಂಡರಿಯ (ಸ್ಪೀಕರ್ ಕಡೆಯ ಸುರುಳಿ) ಮೂರು ಪದರ ಬರಬೇಕು, ಸಿಆರ್‌ಜಿಒ (ಟ್ರಾನ್ಸ್‌ಫಾರ್ಮರಿಗೆ ಬಳಸುವ ಸಿಲಿಕಾನ್ ಉಕ್ಕು) ಸ್ಟ್ಯಾಂಪಿಂಗುಗಳನ್ನು ಒಂದು ಆ ಕಡೆ, ಒಂದು ಈ ಕಡೆ ಎಂದು ಹೆಣೆದು ಗ್ಯಾಪ್ ಬಿಡದೆ ತುಂಬಬೇಕು ಎಂದು ಚಿತ್ರ ಬರೆದು ತೋರಿಸಿದ ಮೇಲೆ ಒಪ್ಪಿಕೊಂಡರು. ಬಂದದ್ದು 3 ಕೆಜಿಯ ಗಟ್ಟಿ ಇಟ್ಟಿಗೆ; ಛಾಸಿಯ ತಗಡು ಬಾಗಿದ್ದರಿಂದ ಅಡಿಗೆ ಪಟ್ಟಿ ಕೊಡಬೇಕಾಯಿತು. ಮೇನ್ಸ್ ಟ್ರಾನ್ಸ್‌ಫಾರ್ಮರನ್ನೂ ಅಲ್ಲೇ ಸುತ್ತಿಸಿದೆ, ಏಕೆಂದರೆ ಅಮೆರಿಕದ ಕಿಟ್ಟುಗಳಲ್ಲಿ ಹಲವು 120 ವೋಲ್ಟಿನವು, ನಮ್ಮದು 230.

ಟ್ರಾನ್ಸ್‌ಫಾರ್ಮರ್ ಸರಿಯಾದರೆ ಉಳಿದದ್ದು ಚಿಕ್ಕ ಲೆಕ್ಕ. ಪವರ್ ವಾಲ್ವಿನ ಗ್ರಿಡ್ಡಿಗೆ (ಸಂಕೇತ ಒಳಹೋಗುವ ತುದಿ) ಹೋಗುವ ಕೆಪ್ಯಾಸಿಟರ್ 0.022 ಮೈಕ್ರೋಫ್ಯಾರಡ್ ಆಗಿದ್ದು ರೆಸಿಸ್ಟರ್ 220 ಕಿಲೋ ಓಮ್ ಆಗಿದ್ದರೆ 33 ಹರ್ಟ್ಸ್‌ನಲ್ಲೇ ಪವರ್ ಅರ್ಧಕ್ಕಿಳಿಯುತ್ತದೆ, ಐದನೆಯ ತಂತಿ ಅದಕ್ಕೂ ಕೆಳಗಿದೆ, 0.1 ಹಾಕಿದರೆ ಆ ಅಂಚು 7 ಹರ್ಟ್ಸ್‌ಗೆ ಸರಿಯುತ್ತದೆ. ಎಲ್ಲ ಹಂತಗಳಲ್ಲೂ ಹೀಗೆ ದೊಡ್ಡದನ್ನೇ ತುಂಬಿದರೆ ಆಂಪ್ ದೋಣಿಯ ಮೋಟಾರಿನಂತೆ ತಾನಾಗಿ ಗುಟುಗುಡಲು ತೊಡಗಬಹುದು, ಆದ್ದರಿಂದ ಮೊದಲ ಹಂತದಲ್ಲಾದರೂ ಕೆಪ್ಯಾಸಿಟರನ್ನು ಚಿಕ್ಕದಾಗಿಡಿ.

ಕಟ್ಟಿ ಮುಗಿದ ದಿನ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ. ಎಲೆಕ್ಟ್ರಿಷಿಯನ್ನರು ಬಳಸುವ ಸೀರೀಸ್ ಲ್ಯಾಂಪಿಗೆ (ಮೇನ್ಸ್ ಕರೆಂಟು ಬಲ್ಬಿನ ಮೂಲಕವೇ ಹಾದುಹೋಗುವ ಜೋಡಣೆ) 100 ವ್ಯಾಟಿನ ಹಳೆಯ ಬುರುಡೆ ಬಲ್ಬ್ ಹಾಕಿ, ವಾಲ್ವುಗಳಿಲ್ಲದೆ ಚಾಲೂ ಮಾಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಉರಿದರೆ ಎಲ್ಲೋ ಶಾರ್ಟ್ ಇದೆ. ವಾಲ್ವುಗಳನ್ನು ಸಿಕ್ಕಿಸಿದ ಮೇಲೆ ಸ್ಪೀಕರ್ ಇಲ್ಲವೇ ರೆಸಿಸ್ಟರ್ ಇಲ್ಲದೆ ನಡೆಸಲೇಕೂಡದು. ಸ್ವಿಚ್ ಆರಿಸಿದರೂ ಫಿಲ್ಟರ್ ಕೆಪ್ಯಾಸಿಟರುಗಳಲ್ಲಿ 400 ವೋಲ್ಟ್ ಉಳಿದಿರಬಹುದಾದ್ದರಿಂದ, ಅವುಗಳಿಗೆ 220 ಕಿಲೋ ಓಮಿನ ಬ್ಲೀಡರ್ (ಉಳಿದ ಚಾರ್ಜನ್ನು ಇಳಿಸುವ ರೆಸಿಸ್ಟರ್) ಕಾಯಂ ಆಗಿ ಕೂರಿಸಿ, ಆದರೂ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಬಯಾಸ್ (ನುಡಿಸದಿರುವಾಗಲೂ ವಾಲ್ವಿನಲ್ಲಿ ಹರಿಯುವ ಕರೆಂಟು) ಅಳೆಯಲು ಪ್ರತಿ 6ಎಲ್6ಜಿಸಿಯ ಕ್ಯಾಥೋಡಿನಲ್ಲಿ 1 ಓಮಿನ ರೆಸಿಸ್ಟರ್ ಇರಲಿ: ಮೀಟರಿನಲ್ಲಿ 35 ಮಿಲಿವೋಲ್ಟ್ ಕಂಡರೆ 35 ಮಿಲಿಆಂಪಿಯರ್, 430 ವೋಲ್ಟಿಗೆ ಅದು 15 ವ್ಯಾಟ್, ಆ ವಾಲ್ವಿನ ಮಿತಿಯ ಅರ್ಧ. ಅಲ್ಲಿಗೆ ನಿಲ್ಲಿಸಿ, ಇ ತಂತಿಯನ್ನು ಮೀಟಿ ನೋಡಿ.