ಬೇಕಲದಲ್ಲಿ ಮೂರು ರಾತ್ರಿ: ರೂಮು ಬುಕ್ ಮಾಡುವ ಮೊದಲು

ಕೇರಳದ ಕಾಸರಗೋಡು ಜಿಲ್ಲೆಯ ಬೇಕಲದ ರೆಸಾರ್ಟುಗಳಿಗೆ ಬರುವವರಲ್ಲಿ ಹೆಚ್ಚಿನವರು ಮಂಗಳೂರಿನಿಂದ ಸೀದಾ ರೂಮಿಗೆ ಹೋಗುತ್ತಾರೆ. ಮರುದಿನ ಟೂರ್ ಡೆಸ್ಕಿನಲ್ಲಿ ಕಾರು ಗೊತ್ತುಮಾಡಿಕೊಂಡು, ಅನಂತಪುರ ಮತ್ತು ಮಧೂರಿನ ದೇವಸ್ಥಾನಗಳನ್ನು ನೋಡಲು ಬಂದ ದಾರಿಯಲ್ಲೇ ವಾಪಸ್ ಹೊರಡುತ್ತಾರೆ. ದುಬಾರಿ ರೂಮಿನ ಅರ್ಧ ದಿನ ಹೀಗೆ ರಸ್ತೆಯಲ್ಲೇ ಕಳೆದುಹೋಗುತ್ತದೆ. ಉತ್ತರದ ಜಾಗಗಳನ್ನು ಬರುವ ದಿನವೇ ಮುಗಿಸಿ. ಉಳಿದ ದಿನಗಳನ್ನು ಕೋಟೆಗೆ, ಕಡಲಿಗೆ, ಹಿನ್ನೀರಿಗೆ ಇಟ್ಟುಕೊಳ್ಳಿ.

ಮಂಗಳೂರಿನಿಂದ ಕಾಸರಗೋಡಿಗೆ 50 ಕಿಲೋಮೀಟರ್, ಅಲ್ಲಿಂದ ಬೇಕಲಕ್ಕೆ ಇನ್ನು 16. ಬೆಳಿಗ್ಗೆ ಏಳೂವರೆಗೆ ಹೊರಟರೆ ಮೊದಲು ಅನಂತಪುರ. ಕುಂಬಳೆಯಲ್ಲಿ ಬದಿಯಡ್ಕ ರಸ್ತೆ ಹಿಡಿದು ನಾಯ್ಕಾಪಿನಲ್ಲಿ ಒಳಗೆ ತಿರುಗಬೇಕು. ಕೆರೆಯ ನಡುವಿನ ಈ ದೇವಸ್ಥಾನವನ್ನು ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನವೆಂದು ನಂಬುತ್ತಾರೆ. ಇಲ್ಲಿನ ಮೂಲ ಮೂರ್ತಿಗಳು ಕಲ್ಲಿನವಲ್ಲ, ಔಷಧೀಯ ವಸ್ತುಗಳನ್ನು ಬೆರೆಸಿದ ಕಡುಶರ್ಕರ ಪಾಕದವು. ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಮರುವರ್ಷ ಇನ್ನೊಂದು ಮೊಸಳೆ ಕಾಣಿಸಿಕೊಂಡಿದೆ. ಅದು ದಡಕ್ಕೆ ಬಂದೇ ಬರುತ್ತದೆಂದು ಮಕ್ಕಳಿಗೆ ಮಾತು ಕೊಡಬೇಡಿ. ಅಲ್ಲಿಂದ ಮಧೂರಿಗೆ ಹೋಗಿ, ಮಹಾಗಣಪತಿಯ ಅಪ್ಪ ಪ್ರಸಾದ ತಪ್ಪದೆ ತೆಗೆದುಕೊಳ್ಳಿ. ಮಧ್ಯಾಹ್ನ ಎರಡೂ ಕಡೆ ಗುಡಿಯ ಬಾಗಿಲು ಮುಚ್ಚುತ್ತದೆ, ಹಾಗಾಗಿ ಹನ್ನೆರಡರೊಳಗೆ ದರ್ಶನ ಆಗಿರಬೇಕು. ಜೋರು ಮಳೆಗಾಲದಲ್ಲಿ ಮಧುವಾಹಿನಿ ಹೊಳೆ ಉಕ್ಕಿ ಮಧೂರಿನ ಅಂಗಳಕ್ಕೇ ನೀರು ಬರುವುದುಂಟು. ಆ ದಿನಗಳಲ್ಲಿ ವಿಚಾರಿಸಿಯೇ ಹೊರಡಿ.

ಕಾಸರಗೋಡು ಪೇಟೆಯಲ್ಲಿ ಊಟ ಮುಗಿಸಿ ಚಂದ್ರಗಿರಿ ಸೇತುವೆಯ ಮೇಲಿನ ಕರಾವಳಿ ರಸ್ತೆಯಲ್ಲೇ ಹೋಗಿ. ಹೆದ್ದಾರಿಯಲ್ಲಿ ಚೆರ್ಕಳ ಸುತ್ತಿ ಹೋಗುವ ಅಗತ್ಯವಿಲ್ಲ. ಹೊಳೆ ದಾಟಿದ ಮೇಲೆ ಕನ್ನಡ ಬೋರ್ಡುಗಳು ಕಡಿಮೆಯಾಗುತ್ತವೆ, ಬಸ್ಸಿನ ಹಲಗೆ ಮಲಯಾಳದಲ್ಲಿರುತ್ತದೆ. ಆದರೂ ಅಂಗಡಿಯವರು, ಆಟೋದವರಲ್ಲಿ ಕನ್ನಡವೋ ತುಳುವೋ ತಿಳಿದವರು ಸಿಗುತ್ತಾರೆ. ಕರ್ನಾಟಕದ ಹಳದಿ ಬೋರ್ಡ್ ಕಾರಾದರೆ, ಹೇಳಿದ ಬಾಡಿಗೆಯಲ್ಲಿ ಕೇರಳದ ಪರ್ಮಿಟ್ ತೆರಿಗೆ ಸೇರಿದೆಯೇ ಎಂದು ಮೊದಲೇ ಕೇಳಿ. ಇಲ್ಲವಾದರೆ ಗಡಿಯ ತಲಪಾಡಿಯಲ್ಲಿ ಚರ್ಚೆ ಶುರುವಾಗುತ್ತದೆ.

ರೂಮಿನ ವಿಚಾರದಲ್ಲಿ ಎರಡು ಮಾತು. ತಾಜ್, ಲಲಿತ್‌ನಂತಹ ದೊಡ್ಡ ರೆಸಾರ್ಟುಗಳು ಉದುಮ, ಬೇಕಲದ ಆಸುಪಾಸಿನಲ್ಲಿ ಕಡಲಿಗೂ ಹಿನ್ನೀರಿಗೂ ಹತ್ತಿರ ಇವೆ. ಆದರೆ ಕರಾವಳಿ ನಿಯಂತ್ರಣ ನಿಯಮದಿಂದಾಗಿ ಕಟ್ಟಡಗಳು ನೀರಂಚಿನಿಂದ ಹಿಂದೆಯೇ ನಿಲ್ಲಬೇಕು, ನಡುವೆ ತೆಂಗಿನ ಮರಗಳ ಸಾಲೂ ಬರುತ್ತದೆ. ಕಿಟಕಿಯಿಂದ ಕಾಣುವುದು ಕಡಲೋ, ಹೊಳೆಯೋ, ತೋಟವೋ ಎಂದು ಬಿಡಿಸಿ ಕೇಳಿ. ಎರಡನೆಯ ಮಾತು ತೆರಿಗೆಯದು. ದಿನಕ್ಕೆ 7,500 ರೂಪಾಯಿ ಮೀರಿದ ರೂಮಿಗೆ 18 ಶೇಕಡಾ ಜಿಎಸ್‌ಟಿ. 16,000ದ ರೂಮು ಕೈಗೆ ಬರುವಾಗ 18,880 ಆಗುತ್ತದೆ, ಮೂರು ರಾತ್ರಿಗೆ 8,640 ಬರೀ ತೆರಿಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಬಾಡಿಗೆ ಇಳಿಯುತ್ತದೆ, ಆದರೆ ಆಗ ಕಡಲಿಗೆ ಇಳಿಯುವ ಮಾತೇ ಇಲ್ಲ.

ಕೋಟೆಗೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ. ಒಳಗೆ ನೆರಳು ತೀರಾ ಕಡಿಮೆ; ಹತ್ತು ಗಂಟೆಯ ಮೇಲೆ ಮುರಕಲ್ಲು ಕಾದು ಹಿಂಸೆಯಾಗುತ್ತದೆ. ಸೂರ್ಯಾಸ್ತವನ್ನು ಕೊತ್ತಲದ ಮೇಲಿಂದ ನೋಡುತ್ತೇನೆಂದು ಬರುವವರಿಗೆ ನಿರಾಸೆಯೇ ಗತಿ, ಏಕೆಂದರೆ ಮುಳುಗುವ ಮೊದಲೇ ಹೊರಗೆ ಕಳಿಸುತ್ತಾರೆ. ಅದಕ್ಕೆ ಪಕ್ಕದ ಪಳ್ಳಿಕ್ಕೆರೆ ಬೀಚ್ ಇದೆ.

ಕೋಟೆಯನ್ನು 1650ರ ಸುಮಾರಿಗೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಕನ್ನಡಿಗರಾದ ನಾವು ಇಲ್ಲಿ ಒಂದು ಗಂಟೆ ಹೆಚ್ಚೇ ನಿಲ್ಲಬೇಕು. ಹೊರಗೋಡೆಯ ಬಂದೂಕಿನ ಕಿಂಡಿಗಳಿಗೆ ಕಣ್ಣಿಟ್ಟು ನೋಡಿ: ಮೇಲಿನ ಕಿಂಡಿಯಲ್ಲಿ ದೂರದ ಕಡಲು, ಅದರ ಕೆಳಗಿನದರಲ್ಲಿ ಹತ್ತಿರದ ನೀರು, ತೀರಾ ಕೆಳಗಿನದರಲ್ಲಿ ಗೋಡೆಯ ಬುಡ ಕಾಣುತ್ತದೆ. ಶತ್ರು ಹತ್ತಿರವಾದಷ್ಟೂ ಕೆಳಗಿನ ಕಿಂಡಿ ಬಳಸುವ ಲೆಕ್ಕ. ನಡುವಿನ ವೀಕ್ಷಣಾ ಬುರುಜಿಗೆ ಮೆಟ್ಟಿಲ ಬದಲು ಅಗಲವಾದ ಇಳಿಜಾರು ಇದೆ, ಹಿರಿಯರೂ ನಿಧಾನಕ್ಕೆ ಹತ್ತಬಹುದು. ಮಳೆಯಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು.

ದೋಣಿಮನೆಗೆ (ಹೌಸ್‌ಬೋಟ್) ಒಂದಿಡೀ ದಿನ ಬಿಡಿ. ನೀಲೇಶ್ವರದ ಕೋಟ್ಟಪ್ಪುರದಿಂದ ಹೊರಟು ವಲಿಯಪರಂಬದ ಹಿನ್ನೀರಿನಲ್ಲಿ ಸಾಗುತ್ತದೆ. ಆಲಪ್ಪುಳದ ನೂಕುನುಗ್ಗಲು ಇಲ್ಲಿಲ್ಲ, ಅದೇ ಇದರ ಸುಖ. ರಾತ್ರಿ ತಂಗುವ ಪ್ಯಾಕೇಜಿನಲ್ಲಿ ದೋಣಿ ಕತ್ತಲಾದ ಮೇಲೆ ಚಲಿಸುವುದಿಲ್ಲ, ದಡಕ್ಕೆ ಕಟ್ಟಿರುತ್ತಾರೆ. ಹಾಗಾಗಿ ಎಷ್ಟು ಗಂಟೆ ಓಡುತ್ತದೆ, ಎಸಿ ಇಡೀ ದಿನವೋ ರಾತ್ರಿ ಮಾತ್ರವೋ ಎಂದು ಕೇಳಿ ಬರೆಸಿಕೊಳ್ಳಿ. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಬೇಕು. ದೋಣಿ ಹೊರಟ ಮೇಲೆ ಅಡುಗೆಯವರಿಗೆ ತರಕಾರಿ ತರಲು ದಾರಿಯಿಲ್ಲ.

ಅಕ್ಟೋಬರ್ ಕೊನೆಯಿಂದ ಮೇ ತನಕ ಬಂದರೆ ಇಲ್ಲಿನ ದೈವದ ಕೋಲವಾದ ತೆಯ್ಯಂ ಸಿಗುತ್ತದೆ. ವೇದಿಕೆಯ ಪ್ರದರ್ಶನಕ್ಕಿಂತ ಕಾವಿನಲ್ಲಿ, ಅಂದರೆ ದೈವದ ಬನದಲ್ಲಿ ನಡೆಯುವುದನ್ನೇ ನೋಡಿ. ಯಾವ ಊರಲ್ಲಿ ಯಾವತ್ತು ಕಳಿಯಾಟ್ಟ (ತೆಯ್ಯಂ ಉತ್ಸವ) ಎಂಬುದು ಆಟೋ ಚಾಲಕರಿಗೆ ಗೊತ್ತಿರುತ್ತದೆ. ಹಲವು ಕಡೆ ಮುಖ್ಯ ಕೋಲ ಇಳಿಯುವುದು ಬೆಳಗಿನ ಜಾವ, ಆದ್ದರಿಂದ ಮರುದಿನ ಬೆಳಿಗ್ಗೆ ಬೇರೆ ಯಾವ ತಿರುಗಾಟವನ್ನೂ ಇಟ್ಟುಕೊಳ್ಳಬೇಡಿ. ಕೆಂಡ ಹಾಯುವ ಕೋಲವಾದರೆ ಊರವರು ನಿಂತ ಗೆರೆಯ ಹಿಂದೆಯೇ ನಿಲ್ಲಿ, ಫ್ಲಾಶ್ ಹಾಕದಿರಿ.