ಎರಡು ಮೂಲಗಳು, ಒಂದು ಗೀಟು

ನಮಗೆ ಗಣಿತ ಕಲಿಸಿದ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರೆಂಬ ಸುದ್ದಿ ಬಂದ ರಾತ್ರಿ, ಕಪ್ಪು ಹಲಗೆಯ ಮೇಲೆ ನಾನು ಕದ್ದು ಎಳೆದಿದ್ದ ಗೀಟೊಂದು ಬಹಳ ಹೊತ್ತು ಕಣ್ಣ ಮುಂದೆಯೇ ಇತ್ತು.

ವರ್ಗಸಮೀಕರಣದ ಪಾಠ ನಡೆಯುತ್ತಿದ್ದ ದಿನಗಳವು. ಬಿಡುವಿಗೆ ಮೊದಲು ಅವರು ‘ಕ್ಷ² − 4 = 0’ ಎಂದು ಬರೆದು ಹೋಗಿದ್ದರು. ನಾನು ಆ ಋಣ ಚಿಹ್ನೆಯ ನಡುವೆ ಸೀಮೆಸುಣ್ಣದಿಂದ ನೆಟ್ಟಗೆ ಒಂದು ಗೀಟೆಳೆದು ಅದನ್ನು ಧನ ಚಿಹ್ನೆಯಾಗಿಸಿದೆ. ವರ್ಗ ಮಾಡಿದರೆ ಋಣ ನಾಲ್ಕು ಬರುವ ಸಂಖ್ಯೆಯನ್ನು ತರಗತಿಯ ಜಾಣರೆಲ್ಲ ಹುಡುಕಿ ಸೋಲುವುದನ್ನು ನೋಡುವ ಆಸೆ ನನಗೆ. (ಗಣಿತದಲ್ಲಿ ನಾನು ಆಗಲೇ ಅವರಿಗಿಂತ ಮುಂದಿದ್ದೆನೆಂದರೆ ಸಹಪಾಠಿಗಳು ಆಕ್ಷೇಪಿಸಲಾರರೆಂದು ನಂಬಿದ್ದೇನೆ.)

ಮೇಷ್ಟ್ರು ಬಂದರು, ಹಲಗೆ ನೋಡಿದರು, ಬೈಯಲಿಲ್ಲ. ಪಕ್ಕದಲ್ಲಿ ಅಡ್ಡಗೆರೆಯೊಂದನ್ನು ಎಳೆದು, ಅದನ್ನು 2 ಮತ್ತು −2ರಲ್ಲಿ ಕತ್ತರಿಸುವ ಪರವಲಯವನ್ನು, ಅಂದರೆ ಆ ಸಮೀಕರಣದ ಬಟ್ಟಲಿನಾಕಾರದ ವಕ್ರರೇಖೆಯನ್ನು, ಬಿಡಿಸಿದರು. ಅದನ್ನೇ ನಾಲ್ಕು ಮಾನ ಮೇಲೆತ್ತಿದಾಗ ಅದು ಗೆರೆಯನ್ನು ಸೊನ್ನೆಯಲ್ಲಿ ಮುಟ್ಟಿತಷ್ಟೆ. ಇನ್ನೂ ನಾಲ್ಕು ಮಾನ ಎತ್ತಿದಾಗ ಮುಟ್ಟದೆ ಮೇಲೆಯೇ ನಿಂತಿತು. ಶೋಧಕ (ಮೂಲಗಳು, ಅಂದರೆ ಸಮೀಕರಣಕ್ಕೆ ಹೊಂದುವ ಕ್ಷದ ಬೆಲೆಗಳು, ಎಂಥವೆಂದು ತಿಳಿಸುವ ಸಂಖ್ಯೆ) ಧನವಾದರೆ ಎರಡು ಭಿನ್ನ ವಾಸ್ತವ ಮೂಲಗಳು, ಸೊನ್ನೆಯಾದರೆ ಎರಡು ಸಮ ಮೂಲಗಳು, ಋಣವಾದರೆ ವಾಸ್ತವ ಮೂಲಗಳಿಲ್ಲ ಎಂದು ಉರುಹೊಡೆದಿದ್ದ ನಮಗೆ, ಆ ಮೂರು ಮಾತುಗಳೂ ಒಂದೇ ವಕ್ರರೇಖೆಯ ಮೂರು ನಿಲುವುಗಳೆಂದು ಅಂದು ಕಂಡಿತು. “ಮೂಲಗಳೇ ಇಲ್ಲವೆನ್ನಬೇಡಿ, ಈ ಗೆರೆಯ ಮೇಲೆ ಇಲ್ಲವೆನ್ನಿ” ಎಂದವರು, ಋಣ ಒಂದಕ್ಕೂ ವರ್ಗಮೂಲವಿದೆಯೆಂದು ಒಪ್ಪಿಕೊಂಡರೆ ಅದರ ಎರಡರಷ್ಟು ಮತ್ತು ಋಣ ಎರಡರಷ್ಟು ಈ ಸಮೀಕರಣದ ಮೂಲಗಳಾಗುತ್ತವೆಂದು ಪಠ್ಯದಲ್ಲಿಲ್ಲದ ಮಾತನ್ನೂ ಸೇರಿಸಿದರು.

ಮರುದಿನ ಭಾಸ್ಕರಾಚಾರ್ಯರ ಕಪಿಗಳ ಲೆಕ್ಕ. 12ನೆಯ ಶತಮಾನದ ಆ ಲೆಕ್ಕದಲ್ಲಿ, ಹಿಂಡಿನ ಐದನೆಯ ಒಂದು ಭಾಗದಿಂದ ಮೂರು ಕಳೆದು ವರ್ಗ ಮಾಡಿದಷ್ಟು ಕಪಿಗಳು ಗುಹೆ ಸೇರಿವೆ, ಒಂದು ಮಾತ್ರ ಹೊರಗಿದೆ. 50, 5 ಎರಡೂ ಸಮೀಕರಣಕ್ಕೆ ಹೊಂದುತ್ತವೆ. ಆದರೆ ಐದು ಕಪಿಗಳೆಂದರೆ ಒಂದರಿಂದ ಮೂರು ಕಳೆಯಬೇಕಾಗುತ್ತದೆಂದು ಆಚಾರ್ಯರು ಅದನ್ನು ಕೈಬಿಟ್ಟರು. ಸಮೀಕರಣಕ್ಕೆ ಎಷ್ಟು ಉತ್ತರ, ಕಪಿಗಳಿಗೆ ಎಷ್ಟು ಉತ್ತರ ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡಲು ನಾನು ಕಲಿತದ್ದು ಹೀಗೆ.

ಇಂದಿನ ಮಕ್ಕಳಿಗೆ ಇಷ್ಟು ಪುರುಸೊತ್ತನ್ನು ಯಾರೂ ಕೊಡುತ್ತಿಲ್ಲ. ‘ಎರಡು ಸಮ ಮೂಲಗಳು’ ಎಂದರೆ ಒಂದೇ ಮೂಲವಲ್ಲವೇ ಎಂದು ಮಗಳನ್ನು ಕೇಳಿದೆ. “ಉತ್ತರ ಬಿ, ಅಪ್ಪಾ” ಎಂದಳು.

ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ತಪ್ಪೊಪ್ಪಿಕೊಳ್ಳಲೆಂದು ಮೇಷ್ಟ್ರ ಬಳಿ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ನೀನೆಳೆದ ಗೀಟು ಸ್ವಲ್ಪ ವಾಲಿತ್ತು ಕಣಯ್ಯ” ಎಂದರು.