ಒಣಗಿದ್ದೇ ಒಳ್ಳೆಯ ಡೈಪರ್

ದಾವಣಗೆರೆಯಿಂದ ನಾದಿನಿ ಕಳೆದ ವಾರ ಫೋನು ಮಾಡಿ, "ಅತ್ತಿಗೆ, ಬಟ್ಟೆ ಡೈಪರ್‌ನಲ್ಲಿ ಇಷ್ಟೊಂದು ತರಹ ಇವೆಯಲ್ಲ, ನೀವು ಯಾವುದು ತಗೊಂಡಿದ್ರಿ?" ಎಂದು ಕೇಳಿದಳು. ಅವಳಿಗೆ ಮಾರ್ಚಿಯಲ್ಲಿ ಹೆರಿಗೆ. ನಾನು ಉತ್ತರ ಹೇಳುವ ಮೊದಲು, ಹಿತ್ತಿಲಲ್ಲಿ ಬಟ್ಟೆ ಹರವುವ ತಂತಿ ಇನ್ನೂ ಇದೆಯೇ ಅಥವಾ ಮಾವನವರು ಆ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದಾರೆಯೇ ಎಂದು ವಿಚಾರಿಸಿದೆ. ಅವಳು ನಕ್ಕುಬಿಟ್ಟಳು. ಮೂರು ವರ್ಷಗಳ ಹಿಂದೆ ನನ್ನ ಅಮ್ಮ ಹೆಚ್ಚುಕಡಿಮೆ ಇದನ್ನೇ ಕೇಳಿದಾಗ ನಾನೂ ನಕ್ಕಿದ್ದೆ.

ನನ್ನ ಮಗಳು ಹುಟ್ಟಿದ್ದು ಜೂನ್ ಕೊನೆಯ ವಾರದಲ್ಲಿ, ಆರಿದ್ರಾ ಮಳೆ ಬಿಡದೆ ಹಿಡಿದಿದ್ದಾಗ. ಹೆರಿಗೆಗೆಂದು ತೀರ್ಥಹಳ್ಳಿಯ ಹತ್ತಿರದ ತವರಿಗೆ ಹೋಗುವಾಗ, ತಿಂಗಳುಗಟ್ಟಲೆ ಓದಿ ವಿಚಾರಿಸಿ ಕೊಂಡಿದ್ದ ಆರು ಪಾಕೆಟ್ ಡೈಪರ್ (ಹೀರುವ ಬಟ್ಟೆಯನ್ನು ಒಳಗೆ ತುರುಕುವಂಥವು), ಎರಡು ಆಲ್-ಇನ್-ಒನ್ (ಎಲ್ಲವನ್ನೂ ಒಟ್ಟಿಗೆ ಹೊಲಿದವು) ಮತ್ತು ನೀರು ಸೋರದ ಎರಡು ಕವರುಗಳನ್ನು ಬೆಂಗಳೂರಿನಿಂದ ಹೊತ್ತೊಯ್ದಿದ್ದೆ. ಅಮ್ಮ ಅವುಗಳಲ್ಲಿ ಒಂದನ್ನು ಕೈಗೆತ್ತಿಕೊಂಡು, ಸೀರೆಯ ಅಂಗಡಿಯಲ್ಲಿ ಸೆರಗನ್ನು ನೋಡುವಂತೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹೊಸೆದು ನೋಡಿ, "ಇಷ್ಟು ದಪ್ಪ ಇದೆ, ಇದು ಒಣಗೋದು ಯಾವಾಗ್ಲೇ?" ಎಂದಳು. ಎಷ್ಟು ಹೀರುತ್ತದೆ, ಎಷ್ಟು ಗಂಟೆ ತಡೆಯುತ್ತದೆ, ಬಣ್ಣ ಯಾವುದು ಎಂಬುದನ್ನೆಲ್ಲ ಲೆಕ್ಕ ಹಾಕಿದ್ದ ನಾನು ಆ ಒಂದು ಪ್ರಶ್ನೆಯನ್ನು ಎಲ್ಲಿಯೂ ಕೇಳಿಕೊಂಡಿರಲಿಲ್ಲ. ಅಮ್ಮ ಮಾತ್ರ ಅಪ್ಪನ ಹಳೆಯ ಪಂಚೆಗಳನ್ನೂ ಅಜ್ಜಿಯ ಎರಡು ನೂಲಿನ ಸೀರೆಗಳನ್ನೂ ಚೌಕ ಚೌಕವಾಗಿ ಹರಿದು, ಒಗೆದು, ಮಡಿಸಿ ಟ್ರಂಕಿನಲ್ಲಿ ಇಟ್ಟಿದ್ದಳು.

ಮೊದಲ ವಾರವೇ ಟ್ರಂಕು ಗೆದ್ದಿತು. ನಾನು ತಂದಿದ್ದ ಪಾಕೆಟ್ ಡೈಪರುಗಳ ಮೇಲೆ 5 ಕಿಲೋದಿಂದ 17 ಕಿಲೋವರೆಗೆ ಎಂದು ಬರೆದಿತ್ತು; ಮುಂಭಾಗದಲ್ಲಿ ಸಾಲುಸಾಲಾಗಿ ಇರುವ ಪ್ರೆಸ್ ಬಟನ್‌ಗಳನ್ನು ಹಾಕಿ ಅಳತೆಯನ್ನು ಚಿಕ್ಕದು ದೊಡ್ಡದು ಮಾಡಿಕೊಳ್ಳಬಹುದು. ಆದರೆ ನನ್ನ ಮಗಳು ಹುಟ್ಟುವಾಗ ಇದ್ದದ್ದು 2.8 ಕಿಲೋ. ಎಲ್ಲ ಗುಂಡಿಗಳನ್ನು ಬಿಗಿ ಮಾಡಿದರೂ ಅವಳ ಕಡ್ಡಿಯಂಥ ತೊಡೆಯ ಪಕ್ಕದಲ್ಲಿ ನನ್ನ ಕಿರುಬೆರಳು ಸಲೀಸಾಗಿ ತೂರುತ್ತಿತ್ತು, ಬೆರಳು ತೂರುವಲ್ಲಿ ಉಚ್ಚೆ ಸೋರದೆ ಇರುತ್ತದೆಯೇ? ಅಮ್ಮನ ಲಂಗೋಟಿಗೆ ಈ ತಾಪತ್ರಯವಿಲ್ಲ. ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ಮುಕ್ಕೋನ ಮಾಡಿ, ಸೊಂಟದ ಅಡಿಗೆ ಹಾಸಿ, ಕೆಳತುದಿಯನ್ನು ಕಾಲುಗಳ ನಡುವಿನಿಂದ ಮೇಲೆ ತಂದು, ಪಕ್ಕದ ಎರಡು ತುದಿಗಳ ಜೊತೆ ಹೊಕ್ಕುಳಿಗಿಂತ ಕೆಳಗೆ ಸಡಿಲವಾಗಿ ಗಂಟು ಹಾಕಿದರೆ ಎಷ್ಟು ಸಣ್ಣ ಕೂಸಿಗಾದರೂ ಹೊಂದುತ್ತದೆ. ದಿನಕ್ಕೆ ಹನ್ನೆರಡು ಸಲಕ್ಕೆ ಕಡಿಮೆಯಿಲ್ಲದಂತೆ ಬದಲಿಸಬೇಕು, ಪ್ರತಿ ಸಲ ಕೆಳಗಿನ ಬಟ್ಟೆಯೂ ಒದ್ದೆಯಾಗುತ್ತದೆ, ನಿಜ. ಆದರೆ ಒದ್ದೆಯಾದದ್ದು ಕೂಡಲೇ ತಿಳಿಯುವುದರಿಂದ ಮಗುವಿನ ಚರ್ಮ ನೆನೆದು ಕೆಂಪಾಗುವುದಿಲ್ಲ.

ಅಂತರಜಾಲದ ಅಂಗಡಿಗಳಲ್ಲಿ ಇದೇ ಚೌಕಕ್ಕೆ ಫ್ಲಾಟ್ ಎಂದು ಹೆಸರಿಟ್ಟು ಒಳ್ಳೆಯ ಬೆಲೆಗೆ ಮಾರುತ್ತಾರೆ. ನಡುವೆ ಹೆಚ್ಚು ಪದರಗಳನ್ನು ಸೇರಿಸಿ ಹೊಲಿದದ್ದು ಪ್ರೀಫೋಲ್ಡ್. ಚಡ್ಡಿಯ ಆಕಾರದಲ್ಲಿ ಎಲಾಸ್ಟಿಕ್ ಕೊಟ್ಟು ಹೊಲಿದ ಬರೀ ಬಟ್ಟೆಯದು ಫಿಟೆಡ್. ಈ ಮೂರಕ್ಕೂ ನೀರು ತಡೆಯುವ ಗುಣವಿಲ್ಲ, ಮೇಲೆ ಕವರ್ ಬೇಕು. ಪಾಕೆಟ್‌ನಲ್ಲಿ ಆ ಕವರ್ ಮತ್ತು ಮೈಗೆ ತಾಗುವ ಮೆತ್ತನೆಯ ಬಟ್ಟೆ ಸೇರಿ ಚೀಲದಂತೆ ಇರುತ್ತವೆ, ಹೀರುವ ಬಟ್ಟೆಯ ಪಟ್ಟಿಯನ್ನು, ಅಂದರೆ ಇನ್ಸರ್ಟನ್ನು, ಅದರೊಳಗೆ ತುರುಕಬೇಕು. ಒದ್ದೆಯಾದ ಮೇಲೆ ಅದನ್ನು ಎಳೆದು ತೆಗೆಯುವುದು ಯಾರ ಕೆಲಸ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ದಿನ ಇತ್ಯರ್ಥವಾಗಲಿಲ್ಲ. ಆಲ್-ಇನ್-ಒನ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ಹೊಲಿದಿರುವುದರಿಂದ ಅಂಗಡಿಯ ಬಿಸಾಡುವ ಡೈಪರಿನಂತೆ ಒಂದೇ ಸಲಕ್ಕೆ ಹಾಕಿ ತೆಗೆಯಬಹುದು.

ಈ ಎಲ್ಲದರ ಪರೀಕ್ಷೆ ನಡೆದದ್ದು ಮಗುವಿನ ಮೈಮೇಲಲ್ಲ, ಜಗಲಿಯ ಹಗ್ಗದ ಮೇಲೆ. ಚೌಕವನ್ನು ಬಿಡಿಸಿದರೆ ಒಂದೇ ಪದರ; ಗಾಳಿಗೆ ಅರ್ಧ ಒಣಗುತ್ತಿತ್ತು, ಉಳಿದ ಅರ್ಧ ಕೆಂಡದ ಮೇಲೆ ಬೋರಲು ಹಾಕಿದ ಬುಟ್ಟಿಯ ಮೇಲೆ, ಲೋಭಾನದ ಹೊಗೆಯ ಜೊತೆಗೆ. ಆಲ್-ಇನ್-ಒನ್ ಅನ್ನು ಸೋಮವಾರ ಬೆಳಿಗ್ಗೆ ಹರವಿದ್ದೆ, ಬುಧವಾರ ಸಂಜೆ ಮುಟ್ಟಿ ನೋಡಿದರೆ ಹೊರಗೆ ಒಣಗಿ, ನಡುವಿನ ಹೊಲಿಗೆಯ ಹತ್ತಿರ ಇನ್ನೂ ತಣ್ಣಗಿತ್ತು, ಮೂಸಿದರೆ ಮುಗ್ಗಲು ವಾಸನೆ. ಇದನ್ನು ನೋಡಲಾರದೆ ಅಮ್ಮ ಒಂದು ರಾತ್ರಿ ಉಳಿದವುಗಳ ಜೊತೆ ನನ್ನ ಹಳದಿ ಕವರನ್ನೂ ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದಳು. ಕವರಿಗೆ ಬಳಸುವ ಪಿಯುಎಲ್ ಎಂದರೆ ಪಾಲಿಯೆಸ್ಟರ್ ಬಟ್ಟೆಯ ಒಂದು ಬದಿಗೆ ಪಾಲಿಯುರೆಥೇನ್‌ನ ತೆಳುಪೊರೆಯನ್ನು ಅಂಟಿಸಿದ್ದು. ಅತಿಯಾದ ಶಾಖ ಅದಕ್ಕೆ ಆಗದು. ಬೆಳಿಗ್ಗೆ ಇಳಿಸಿದಾಗ ಒಳಬದಿಯ ಪೊರೆ ಕೆಂಡದ ಮೇಲೆ ಸುಟ್ಟ ಹಪ್ಪಳದಂತೆ ಗುಳ್ಳೆಗುಳ್ಳೆಯಾಗಿ ಎದ್ದಿತ್ತು, ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಸುಲಿದು ಬಂತು. ಬೆಲೆ ಎಷ್ಟೆಂದು ಅಮ್ಮ ಕೇಳಿದಳು, ನಾನು ಅರ್ಧ ಹೇಳಿದೆ.

ಅಂದ ಹಾಗೆ, ಈ ಕವರಿನ ಪೂರ್ವಜ ಸ್ನಾನದ ಮನೆಯ ಪರದೆಯಂತೆ. ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ 1940ರ ದಶಕದಲ್ಲಿ ಷವರ್ ಪರದೆಯನ್ನು ಕತ್ತರಿಸಿ, ಲಂಗೋಟಿಯ ಮೇಲೆ ಹಾಕುವ ನೀರು ಸೋರದ ಕವಚವನ್ನು ಹೊಲಿದಳು. 1951ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು. ನಮ್ಮಲ್ಲಿ ಮಗುವಿಗೆ ಏನನ್ನೂ ತೊಡಿಸದೆ ಹಾಸಿಗೆಗೇ ರಬ್ಬರ್ ಶೀಟು ಹೊದಿಸುತ್ತಿದ್ದರು, ಅದೂ ಒಂದು ದಾರಿ.

ಐದನೆಯ ತಿಂಗಳಲ್ಲಿ ಬೆಂಗಳೂರಿಗೆ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಬಿಸಿಲು ಬರುವ ಬಾಲ್ಕನಿ ಇತ್ತು, ವಾಷಿಂಗ್ ಮೆಷಿನ್ ಇತ್ತು, ಮಗುವಿನ ತೊಡೆ ತುಂಬಿಕೊಂಡಿತ್ತು. ಹೀಗಾಗಿ ಮೂಲೆಗೆ ಬಿದ್ದಿದ್ದ ಪಾಕೆಟ್‌ಗಳು ಹೊರಬಂದವು. ಇವುಗಳ ಅನುಕೂಲವೆಂದರೆ, ಇನ್ಸರ್ಟನ್ನು ಹೊರತೆಗೆದು ಒಗೆಯುವುದರಿಂದ ಹೊರಗಿನ ಚೀಲ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ, ಇನ್ಸರ್ಟಿಗೆ ಮಾತ್ರ ಪೂರ್ತಿ ಬಿಸಿಲು ಬೇಕಾಗುತ್ತದೆ. ಇನ್ಸರ್ಟುಗಳಲ್ಲಿಯೂ ಭೇದವಿದೆ. ಮೈಕ್ರೋಫೈಬರ್ ಎಂಬ ಕೃತಕ ನವಿರುನೂಲಿನದು ಥಟ್ಟನೆ ಹೀರುತ್ತದೆ, ಆದರೆ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡರೆ ಹಿಂಡಿದ ಸ್ಪಂಜಿನಂತೆ ಅಷ್ಟನ್ನೂ ಹೊರಕ್ಕೆ ಬಿಡುತ್ತದೆ. ಚರ್ಮದ ತೇವವನ್ನೂ ಎಳೆದುಕೊಳ್ಳುವುದರಿಂದ ಅದನ್ನು ನೇರವಾಗಿ ಮೈಗೆ ತಾಗಿಸಬಾರದು. ಹತ್ತಿ ಮತ್ತು ಹೆಂಪ್ ಎಂಬ ಗಿಡದ ನಾರು ನಿಧಾನವಾಗಿ ಹೀರಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ರಾತ್ರಿಗೆ ಪಾಕೆಟಿನೊಳಗೆ ಮೇಲೆ ಮೈಕ್ರೋಫೈಬರ್, ಅದರಡಿ ಹತ್ತಿಯದನ್ನು ಇಟ್ಟು ನೋಡಿದ ಮೇಲೆ ನಮಗೆ ಬೆಳಗಿನವರೆಗೂ ನಿದ್ದೆ ಸಿಕ್ಕಿತು. ಹೊಸ ಹತ್ತಿಯ ಇನ್ಸರ್ಟನ್ನು ನಾಲ್ಕೈದು ಸಲ ಒಗೆದು ಅದರ ಎಣ್ಣೆಯಂಶ ಹೋದ ಮೇಲೆಯೇ ಅದು ಸರಿಯಾಗಿ ಹೀರುತ್ತದೆ. ಇದನ್ನು ತಿಳಿಯದೆ ಮೊದಲ ದಿನವೇ ಹಾಕಿ, ಮೋಸ ಹೋದೆವೆಂದು ಗಂಡನ ಮುಂದೆ ರೇಗಾಡಿದ್ದು ಈಗ ನಗೆಯ ಸಂಗತಿ.

ಬೋರ್‌ವೆಲ್ ನೀರು ಬೇರೆಯೇ ಪಾಠ ಕಲಿಸಿತು. ಎರಡು ತಿಂಗಳಲ್ಲಿ ಇನ್ಸರ್ಟುಗಳು ರಟ್ಟಿನಂತೆ ಗಡುಸಾದವು, ಬೆಳಿಗ್ಗೆ ಬಿಚ್ಚಿದರೆ ಕಣ್ಣಿಗೆ ಚುರ್ರೆನ್ನುವ ಅಮೋನಿಯಾ ವಾಸನೆ. ಮೆತ್ತಗಾಗಲೆಂದು ಕಂಡೀಷನರ್ ಹಾಕಿದ್ದು ಇನ್ನೂ ದೊಡ್ಡ ತಪ್ಪಾಯಿತು, ಏಕೆಂದರೆ ಅದು ನಾರಿನ ಮೇಲೆ ಜಿಡ್ಡಿನಂತೆ ಕೂತು ಹೀರುವ ಶಕ್ತಿಯನ್ನೇ ಕೊಲ್ಲುತ್ತದೆ. ಗಡಸು ನೀರಿಗೆ ಸೋಪಿನ ಪುಡಿ ಹೆಚ್ಚು ಬೇಕು, ಮಗುವಿನ ಬಟ್ಟೆಯೆಂದು ನಾನು ಚಿಟಿಕೆಯಷ್ಟು ಹಾಕುತ್ತಿದ್ದೆ. ಪುಡಿಯನ್ನು ಹೆಚ್ಚಿಸಿ, ಬಿಸಿನೀರಿನಲ್ಲಿ ಒಗೆದು, ಇನ್ನೊಂದು ಸಲ ಜಾಲಿಸಿದ ಮೇಲೆ ಹತ್ತಿಯವು ಮೊದಲಿನಂತಾದವು, ಮೈಕ್ರೋಫೈಬರ್‌ನ ವಾಸನೆ ಪೂರ್ತಿ ಹೋಗಲೇ ಇಲ್ಲ. ಅಜ್ಜಿಯ ಸೀರೆಯ ಚೌಕಗಳನ್ನಾದರೋ ಕುದಿಯುವ ನೀರಿಗೆ ಹಾಕಿದರೂ ಅವು ಕೇರ್ ಮಾಡುವುದಿಲ್ಲ.

ಬಟ್ಟೆಯದ್ದೆಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದೆಂದು ಎದೆಯುಬ್ಬಿಸುವವರು ಒಂದು ಲೆಕ್ಕವನ್ನು ನೋಡಬೇಕು. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡೂವರೆ ವರ್ಷಗಳಲ್ಲಿ ಒಂದು ಮಗುವಿನ ಬಿಸಾಡುವ ಡೈಪರುಗಳಿಂದ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆಯಾದರೆ, ಅಲ್ಲಿನ ಸರಾಸರಿ ರೀತಿಯಲ್ಲಿ ಒಗೆದ ಬಟ್ಟೆಯವುಗಳಿಂದ ಸುಮಾರು 570 ಕಿಲೋ. ಆದರೆ ಮೆಷಿನ್ ತುಂಬಿಸಿ ಒಗೆದು, ಹೊರಗೆ ತಂತಿಯ ಮೇಲೆ ಒಣಗಿಸಿ, ಎರಡನೆಯ ಮಗುವಿಗೂ ಬಳಸಿದರೆ ಅದರಲ್ಲಿ ಸುಮಾರು 200 ಕಿಲೋ ಕಡಿಮೆಯಾಗುತ್ತದೆ. ಸುತ್ತಿ ಬಳಸಿ ಮತ್ತೆ ತಂತಿಯ ಹತ್ತಿರವೇ ಬಂದೆವು.

ಊರಿಗೆ ಹೋಗುವಾಗ ಬಸ್ಸಿನಲ್ಲಿ ನಾನೂ ಬಿಸಾಡುವುದನ್ನೇ ಹಾಕಿದ್ದೇನೆ. ಮನೆಯಲ್ಲಿ ಮಾತ್ರ ಕೊನೆಗೆ ನೆಲೆನಿಂತ ಪದ್ಧತಿ ಹೀಗಿತ್ತು: ಹಗಲಿಗೆ ಮಡಿಸಿದ ಚೌಕ ಮತ್ತು ಕವರ್, ರಾತ್ರಿಗೆ ಎರಡು ಇನ್ಸರ್ಟಿನ ಪಾಕೆಟ್. ಕವರಿಗೆ ಕಕ್ಕ ತಾಗದಿದ್ದರೆ ಒರೆಸಿ ಮೂರ್ನಾಲ್ಕು ಸಲ ಮತ್ತೆ ಹಾಕಬಹುದಾದ್ದರಿಂದ ನಾಲ್ಕು ಕವರ್, ಎರಡು ಡಜನ್ ಚೌಕ ಸಾಕಾದವು.

ನಾದಿನಿಗೆ ಇದನ್ನೇ ಒಪ್ಪಿಸಲಿಲ್ಲ. ದಾವಣಗೆರೆಯ ಮಾರ್ಚಿ ಬಿಸಿಲಿನಲ್ಲಿ ಆಲ್-ಇನ್-ಒನ್ ಕೂಡ ಸಂಜೆಯೊಳಗೆ ಗರಿಗರಿಯಾಗುತ್ತದೆ, ಅತ್ತೆಯವರಿಗೆ ಬೆರಳಿನ ಗಂಟುನೋವು ಇರುವುದರಿಂದ ಮಡಿಸಿ ಗಂಟು ಹಾಕುವುದು ಕಷ್ಟ. ಎರಡು ಆಲ್-ಇನ್-ಒನ್ ಕೊಂಡು ನೋಡು, ಒಂದೇ ಸಲ ಡಜನ್ ತರಬೇಡ, ವೆಲ್ಕ್ರೋ ಇರುವುದನ್ನು ಬಿಟ್ಟು ಗುಂಡಿಯದನ್ನೇ ತೆಗೆದುಕೋ ಎಂದೆ. ಹುಟ್ಟಿದ ಮೊದಲ ತಿಂಗಳಿಗೆಂದು ಇಲ್ಲಿಂದ ಹದಿನೆಂಟು ಚೌಕಗಳನ್ನು ಕೊರಿಯರ್ ಮಾಡಿದ್ದೇನೆ. ನಿನ್ನೆ ಅವಳು ಫೋಟೋ ಕಳುಹಿಸಿದಳು: ಹಿತ್ತಿಲಲ್ಲಿ ಹೊಸ ತಂತಿ ಎರಡು ಸಾಲು ಕಟ್ಟಿದೆ, ಮಾವನವರ ಕಾರು ಬೀದಿಯಲ್ಲಿ ನಿಂತಿದೆ.